ಲಿಫ್ಟ್ ಇಲ್ಲದ ಮನೆ

ಮಾರ್ಚ್ ೬, ಗುರುವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಬಂದೆ ಎನ್ನುವುದು ತಪ್ಪು, ಹೊತ್ತು ತಂದರು. ಕೆಳಗಿನ ಟೈಲರ್, ಅವನ ತಮ್ಮ, ಮೊದಲ ಮಹಡಿಯ ಪೇಂಟರ್, ಆಂಬುಲೆನ್ಸಿನ ಡ್ರೈವರ್. ನಮ್ಮದೇ ಊಟದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಕಾಲಿಗೊಬ್ಬರಂತೆ ಹಿಡಿದು ನಾಲ್ಕನೇ ಮಹಡಿಗೆ ಏರಿಸಿದರು. ಹಿಂದಿನ ವಾರ ಎದೆ ಹಿಡಿದುಕೊಂಡು ಬಿದ್ದಾಗ ಇಳಿಸಿದ್ದೂ ಇದೇ ಕುರ್ಚಿಯಲ್ಲಂತೆ, ಸ್ಟ್ರೆಚರ್ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲವಂತೆ. ಅಂತೆ ಎಂದೇ ಬರೆಯಬೇಕು, ನನಗೆ ಬಾಗಿಲು ದಾಟಿದ್ದಷ್ಟೇ ನೆನಪು. ನಾಲ್ಕು ಜನ ಹೊತ್ತೊಯ್ದ ಮನುಷ್ಯ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ನಾನು ಬಂದೆ ನೋಡು ಎಂದು ಟೈಲರಿಗೆ ಹೇಳಿದೆ. ಅವನು ನಕ್ಕ. ಹೆಂಡತಿ ನಗಲಿಲ್ಲ.

ನಾಲ್ವರೂ ಏದುಸಿರು ಬಿಡುತ್ತಿದ್ದರು. ಒಬ್ಬನೂ ಗೊಣಗಲಿಲ್ಲ. ಪೇಂಟರ್ ಅಂತೂ "ಇನ್ನೂ ಎರಡು ಮಹಡಿ ಇದ್ರೂ ಹೊತ್ತಿರ್ತಿದ್ವಿ" ಅಂದ. ಸುಳ್ಳು. ಆದರೆ ಎಂಥ ಚೆಂದದ ಸುಳ್ಳು!

ಬದುಕೆಲ್ಲ ಲಿಫ್ಟ್ ರಿಪೇರಿ ಮಾಡಿದವನು ಲಿಫ್ಟ್ ಇಲ್ಲದ ಕಟ್ಟಡದ ತುತ್ತತುದಿಯಲ್ಲಿ ಮನೆ ಮಾಡಿದ್ದೇನೆ. ದೀಪದ ಬುಡದಲ್ಲಿ ಕತ್ತಲು. ಹೆಂಡತಿಗೆ ಈ ಮನೆಯೇ ಬೇಕಿತ್ತು, ಟೆರೇಸಿಗಾಗಿ. ಹೋಟೆಲಿನವರ, ಸಭಾಂಗಣದವರ ಪರದೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವುದು ಅವಳ ಕೆಲಸ. ಅಷ್ಟುದ್ದದ ಬಟ್ಟೆಗೆ ಬಿಸಿಲೂ ಗಾಳಿಯೂ ಬೇಕು.

ಲಿಫ್ಟಿಗೆ ಸರ್ವಿಸ್ ಆದಾಗಲೆಲ್ಲ ಏನೇನು ಮಾಡಿದೆವು ಎಂದು ಬರೆದಿಡುವುದು ನನ್ನ ಅಭ್ಯಾಸ. ಈ ಸಲ ಸರ್ವಿಸ್ ಆಗಿರುವುದು ನನಗೆ. ಕಟ್ಟಿಕೊಂಡಿದ್ದ ರಕ್ತನಾಳವೊಂದನ್ನು ಬಿಡಿಸಿ ಒಳಗೊಂದು ಸ್ಟೆಂಟ್ ಇಟ್ಟಿದ್ದಾರೆ. ಹೃದಯದ ಒಂದು ಭಾಗ ಸತ್ತಿದೆ, ಅದು ಮತ್ತೆ ಚಿಗುರುವುದಿಲ್ಲ ಎಂದರು ಡಾಕ್ಟರು. ಮಂಗಳವಾರ, ಗುರುವಾರ ವ್ಯಾಯಾಮಕ್ಕೆ ಆಸ್ಪತ್ರೆಗೇ ಬರಬೇಕಂತೆ. ಕೆಟ್ಟ ಮೋಟರನ್ನು ಓಡಿಸಿ ಸರಿ ಮಾಡುತ್ತಾರಂತೆ! ಕೇಳುವವರು ಕೇಳಲಿ.

ಮಾರ್ಚ್ ೯, ಭಾನುವಾರ

ಬೆಳಗ್ಗೆ ಇವಳು ಟೀ ಕೊಟ್ಟು ಎದುರಿಗೇ ಕೂತಳು. ಇವಳು ಎದುರಿಗೆ ಕೂತಳೆಂದರೆ ಏನೋ ತೀರ್ಮಾನ ಆಗಿದೆ ಎಂದರ್ಥ.

"ಹಿಂದಿನ ಬೀದೀಲಿ ಟೈಲರ್ ಅಕ್ಕನ ಮನೆ ಮೇ ಕೊನೇಲಿ ಖಾಲಿ ಆಗತ್ತಂತೆ. ನೆಲಮಹಡಿ. ಬಾಗಿಲಲ್ಲಿ ಎರಡೇ ಮೆಟ್ಟಿಲು. ಅಲ್ಲೀವರೆಗೂ ಬೇರೆ ಯಾರಿಗೂ ಮಾತು ಕೊಡಲ್ಲ ಅಂದಿದ್ದಾರೆ."

"ಅಲ್ಲಿ ಮಧ್ಯಾಹ್ನವೂ ದೀಪ ಹಾಕ್ಬೇಕು. ಪರದೆ ಎಲ್ಲಿ ಒಣಗಿಸ್ತೀಯ?"

"ಒಣಗಿಸಿದ್ದು ಸಾಕಾಯ್ತು ಬಿಡ್ರೀ. ನಂಗೂ ವಯಸ್ಸಾಯ್ತು."

ಹಾಗೆ ಹೇಳುತ್ತ ಮಡಿಲಲ್ಲಿದ್ದ ಬಟ್ಟೆಯ ಕ್ಲಿಪ್ಪುಗಳಲ್ಲಿ ಸ್ಪ್ರಿಂಗ್ ಸಡಿಲಾದದ್ದನ್ನು ಆರಿಸಿ ಬಿಗಿ ಮಾಡುತ್ತಿದ್ದಳು. ಕೆಲಸ ಬಿಡುವವರು ಕ್ಲಿಪ್ ಬಿಗಿ ಮಾಡುತ್ತಾರೆಯೇ? ನನ್ನನ್ನು ಬಿರುಕು ಬಿಟ್ಟ ಮಡಕೆ ಎಂದು ಇವಳೂ ಲೆಕ್ಕ ಹಾಕಿಬಿಟ್ಟಿದ್ದಾಳೆ. ಮೇ ಮುಗಿಯುವುದರೊಳಗೆ ಎಲ್ಲೂ ನಿಲ್ಲದೆ, ಕೂರದೆ ಮೇಲೆ ಹತ್ತಿ ತೋರಿಸುತ್ತೇನೆ, ಆಗದಿದ್ದರೆ ನಿನ್ನ ನೆಲಮಹಡಿಗೇ ಹೋಗೋಣ ಎಂದೆ.

"ಶಪಥ ಗಿಪಥ ಬೇಡ. ಟೀ ಆರ್ತಾ ಇದೆ, ಕುಡೀರಿ" ಅಂದಳು.

ಮಾರ್ಚ್ ೧೩, ಗುರುವಾರ

ಇಳಿಯುವುದು ಸುಲಭ. ಹತ್ತುವಾಗ ಮಾನ ಹೋಯಿತು. ಟೈಲರ್ ಪ್ರತಿ ಮಹಡಿಯಲ್ಲೂ ಒಂದೊಂದು ಸ್ಟೂಲ್ ಇಟ್ಟಿದ್ದಾನೆ, ನಾನು ಕೂತು ಸುಧಾರಿಸಿಕೊಳ್ಳಲಿ ಎಂದು. ಒಂದನ್ನೂ ಬಿಡದೆ ಎಲ್ಲದರ ಮೇಲೂ ಕೂತೆ. ಲಿಫ್ಟ್ ಕೆಟ್ಟಾಗ ಮೆಟ್ಟಿಲು ಹತ್ತಲೇಬೇಕಾದವನು ಲಿಫ್ಟ್ ರಿಪೇರಿಯವನು, ಆದರೆ ನಾನು ಮೊದಲಿನಿಂದಲೂ ಜಾಣ. ಹೆಲ್ಪರ್‌ಗಳನ್ನು ಮೇಲೆ ಓಡಿಸಿ, ಲಿಫ್ಟ್ ಎದ್ದ ಮೇಲೆ ಅದರಲ್ಲೇ ಕೂತು ಹೋಗುತ್ತಿದ್ದೆ.

ವ್ಯಾಯಾಮದ ಹಾಲ್ ದೊಡ್ಡದು. ನಿಂತಲ್ಲೇ ನಡೆಯುವ ಪಟ್ಟಿ, ತುಳಿದರೂ ಎಲ್ಲಿಗೂ ಹೋಗದ ಸೈಕಲ್ಲು. ಎದೆಗೆ ವೈರುಗಳನ್ನು ಅಂಟಿಸುತ್ತಾರೆ, ಹೃದಯದ ಗೆರೆ ಗೋಡೆಯ ಟಿ.ವಿ.ಯಲ್ಲಿ ಓಡುತ್ತದೆ. ನಡೆಸುವವರು ಒಬ್ಬ ಫಿಸಿಯೋ ಮೇಡಮ್. ಚಿಕ್ಕ ಆಳು, ದೊಡ್ಡ ಗಂಟಲು. ನಾನು ಯಾರು, ಏನು ಮಾಡುತ್ತೇನೆ ಎಂದು ಕೇಳಿದ ಮೇಲೆ ನನ್ನ ಹೆಸರು "ಲಿಫ್ಟ್ ಸರ್" ಆಯಿತು. ಪಕ್ಕದ ಪಟ್ಟಿಯಲ್ಲಿ ಬೈಪಾಸ್ ಆದ ಬೇಕರಿಯವರೊಬ್ಬರು ನಡೆಯುತ್ತಾರೆ. "ಜೀವಮಾನವೆಲ್ಲ ಬೆಣ್ಣೆ ಮಾರಿದೆ. ಉಳಿದದ್ದು ನನ್ನೊಳಗೇ ಬಂದು ಅಂಗಡಿ ಹಾಕಿತ್ತು" ಎಂದು ಪರಿಚಯ ಹೇಳಿಕೊಂಡರು.

ಆ ಮೇಡಮ್ ಲಿಫ್ಟ್ ಹತ್ತುವುದಿಲ್ಲ. ನಾನು ಲಿಫ್ಟಿಂದ ಹೊರಗೆ ಕಾಲಿಡುವಷ್ಟರಲ್ಲಿ ಮೆಟ್ಟಿಲಿಂದ ಬಂದು ನಿಂತಿದ್ದರು, ಬಾಯಲ್ಲಿ ಉಸಿರಿನ ಸದ್ದೇ ಇಲ್ಲ. ಮೆಚ್ಚಲೇಬೇಕು. ಆಸ್ಪತ್ರೆಯ ಲಿಫ್ಟನ್ನು ಮಾತ್ರ ಮೆಚ್ಚಲಾರೆ, ನಿಲ್ಲುವಾಗ ಕುಲುಕುತ್ತದೆ.

ಮಾರ್ಚ್ ೧೮, ಮಂಗಳವಾರ

ನನ್ನದೊಂದು ಉಪಾಯ. ಯಾವ ಮೋಟರಿಗೂ ಒಂದು ಆಯುಸ್ಸು ಇರುತ್ತದೆ. ಇಷ್ಟು ಸಲ ಸ್ಟಾರ್ಟ್ ಆದ ಮೇಲೆ ಅದು ಮುಗಿಯಿತು. ಹೃದಯಕ್ಕೂ ಹಾಗೇ ಇರಬೇಕು. ಮೇಡಮ್ ಅಲ್ಲಿ ನಡೆಸಿ ಬಡಿತಗಳನ್ನು ದುಂದು ಮಾಡುತ್ತಾರೆ. ಅದನ್ನು ನಾನು ಮನೆಯಲ್ಲಿ ಸರಿದೂಗಿಸಬೇಕು. ಹಾಗಾಗಿ ಬಂದ ತಕ್ಷಣ ಮಲಗಿ, ಊಟದ ಹೊತ್ತಿನವರೆಗೆ ಕೈಕಾಲು ಅಲುಗಿಸುವುದಿಲ್ಲ. ದಿನಾ ಬೀದಿಯಲ್ಲಿ ನಡೆಯಿರಿ ಎಂದಿದ್ದಾರೆ. ನಡೆಯುತ್ತಿದ್ದೇನೆ ಎಂದು ಹೇಳಿದ್ದೇನೆ.

ಇವತ್ತು ಕಣ್ಣು ಬಿಟ್ಟಾಗ ಇವಳ ಬೆರಳು ನನ್ನ ಮೂಗಿನ ಹತ್ತಿರ ಇತ್ತು.

"ಇದ್ದೀನಿ ಕಣೇ."

"ಇದ್ದವರ ಹಾಗೆ ಮಲಗಿ, ಹಾಗಾದ್ರೆ" ಅಂದು ಟೆರೇಸಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಮಾರ್ಚ್ ೨೦, ಗುರುವಾರ

ಸಿಕ್ಕಿಬಿದ್ದೆ. ನಾಲ್ಕು ಹೆಜ್ಜೆ ನಡೆದ ಕಾಲಲ್ಲ ಇದು ಎಂದು ಮೇಡಮ್ ನನ್ನ ಮೀನಖಂಡ ಒತ್ತಿ ನೋಡಿಯೇ ಹೇಳಿದರು. ಉಳಿದ ದಿನ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಉಳಿತಾಯ ಎಂದೆ. ಪೂರ್ತಿ ಲೆಕ್ಕ ಒಪ್ಪಿಸಿದೆ. ಬೇಕರಿಯವರು ನಕ್ಕು ನಕ್ಕು ಅವರ ಗೆರೆ ಟಿ.ವಿ.ಯಲ್ಲಿ ಕುಣಿದಾಡಿತು. ಮೇಡಮ್ ನಗಲಿಲ್ಲ. ನನ್ನ ಪಟ್ಟಿ ನಿಲ್ಲಿಸಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಮೋಟರ್ ಸವೆಯತ್ತೆ ಲಿಫ್ಟ್ ಸರ್, ಯಾಕಂದ್ರೆ ಅದು ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳಲ್ಲ. ಇದು ಮಾಡ್ಕೊಳ್ಳತ್ತೆ. ಸತ್ತ ಭಾಗ ಸತ್ತಿದ್ದೇ, ನಾನು ಸುಳ್ಳು ಹೇಳಲ್ಲ. ಆದ್ರೆ ಉಳಿದಿರೋದು ಚೆನ್ನಾಗಿ ಹಿಗ್ಗೋದನ್ನ ಕಲಿಯತ್ತೆ, ಒಂದೊಂದು ಬಡಿತಕ್ಕೂ ಮೊದಲಿಗಿಂತ ಜಾಸ್ತಿ ರಕ್ತ ತಳ್ಳತ್ತೆ. ರಕ್ತನಾಳ ಮೆತ್ತಗಾಗತ್ತೆ. ಇನ್ನು ನಿಮ್ಮ ಕಾಲು. ಪಳಗಿದ ಕಾಲು ಅಷ್ಟೇ ರಕ್ತದಿಂದ ಜಾಸ್ತಿ ಆಮ್ಲಜನಕ ಹೀರ್ಕೊಳ್ಳತ್ತೆ, ಮೇಲಿಂದ ಕಳಿಸು ಕಳಿಸು ಅಂತ ಪೀಡಿಸಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಜೋರಾಗಿ ಬಡ್ಕೊಂಡ್ರೆ ಉಳಿದ ದಿನವೆಲ್ಲ ಅದು ನಿಧಾನವಾಗಿ ಬಡ್ಕೊಳ್ಳತ್ತೆ. ಉಳಿತಾಯ ಅಂತ ಮಾಡೋದಾದ್ರೆ ಅದು ಉಳಿತಾಯ."

"ಮಲಗಿದ್ರೆ?"

"ಮಲಗಿದ್ರೆ ಕಾಲು ಸೊರಗತ್ತೆ. ಸೊರಗಿದ ಕಾಲು ಸಾಲಗಾರನ ಹಾಗೆ, ದಿನಾ ಬಂದು ಹೃದಯದ ಬಾಗಿಲು ಬಡಿಯತ್ತೆ."

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಎಷ್ಟು ಬಗೆಯ ಯಂತ್ರ ಬಿಚ್ಚಿದ್ದೇನೆ. ಬ್ರೇಕು, ಬೇರಿಂಗು, ಹಗ್ಗ, ಎಲ್ಲವೂ ಬಳಸಿದಷ್ಟೂ ಸವೆಯುವಂಥವೇ. ಬಳಸಿದಷ್ಟೂ ಗಟ್ಟಿಯಾಗುವ ಯಂತ್ರವನ್ನು ನಾನು ನೋಡಿಯೇ ಇರಲಿಲ್ಲ. ಅದು ನನ್ನ ಎದೆಯಲ್ಲೇ ಇತ್ತು. ಇದನ್ನು ಯಾರು ಮಾಡಿದರೋ, ಅವರ ಕೈಗೆ ಒಂದು ನಮಸ್ಕಾರ.

ಸಂಜೆ ಬೀದಿಯ ಕೊನೆಯವರೆಗೆ ನಡೆದೆ. ನಿಜವಾಗಿ.

ಮಾರ್ಚ್ ೨೭, ಗುರುವಾರ

ಪಟ್ಟಿಯಿಂದ ಗಕ್ಕನೆ ಇಳಿದೆ. ಕಣ್ಣು ಕತ್ತಲೆ ಬಂತು. ಮೇಡಮ್ ಹಿಡಿದುಕೊಂಡು ಬೈದರು. ಓಡುತ್ತಿದ್ದ ಕಾಲು ಹಾಗೆ ನಿಂತುಬಿಟ್ಟರೆ ರಕ್ತ ಕೆಳಗೇ ಉಳಿದುಬಿಡುತ್ತದಂತೆ, ಮೇಲಕ್ಕೆ ತಳ್ಳುವವರು ಇರುವುದಿಲ್ಲವಂತೆ. ನಿಲ್ಲುವ ಮೊದಲು ನಿಧಾನವಾಗಬೇಕು. ಇದನ್ನು ನನಗೆ ಹೇಳಿಕೊಡಬೇಕೇ! ಮಹಡಿ ಬರುವ ಮುಂಚೆ ವೇಗ ಇಳಿಸದ ಲಿಫ್ಟ್ ಅಲ್ಲವೇ ಕುಲುಕುವುದು? ಸ್ವಂತಕ್ಕೆ ಬಂದಾಗ ವಿದ್ಯೆ ಮರೆತುಹೋಗುತ್ತದೆ.

ಏಪ್ರಿಲ್ ೮, ಮಂಗಳವಾರ

ಹೊಸ ಪಾಠ. ನಾಡಿ ಎಣಿಸಿ ಎಷ್ಟು ಜೋರು ನಡೆಯಬೇಕೆಂದು ತೀರ್ಮಾನಿಸಬಾರದು, ನೀವು ನುಂಗುವ ಮಾತ್ರೆ ನಾಡಿಯನ್ನು ಓಡಲು ಬಿಡುವುದಿಲ್ಲ, ಅದನ್ನು ನಂಬಿದರೆ ಮಿತಿ ಮೀರುತ್ತೀರಿ ಎಂದರು ಮೇಡಮ್. ಹಾಗಾದರೆ ಅಳತೆಗೋಲು ಯಾವುದು? ಮಾತು. ನಡೆಯುವಾಗ ಪೂರ್ತಿ ವಾಕ್ಯ ಆಡಲು ಬಂದರೆ ಸರಿಯಾದ ವೇಗ. ಹಾಡು ಹೇಳಲು ಬಂದರೆ ಸೋಮಾರಿತನ. ಒಂದೊಂದೇ ಪದ ಬಂದರೆ ಅತಿಯಾಯಿತು. ಎಂಥ ಸರಳ ಮೀಟರು, ವೈರೂ ಬೇಡ, ಬ್ಯಾಟರಿಯೂ ಬೇಡ!

"ಮಾತಾಡಿ ಲಿಫ್ಟ್ ಸರ್" ಅಂದರು.

ಏನು ಮಾತಾಡಲಿ? ನಾನು ಕೆಲಸ ಮಾಡಿದ್ದು ಕಟ್ಟಡದ ನೆತ್ತಿಯ ಮೇಲಿನ ಮೋಟರ್ ರೂಮಿನಲ್ಲಿ, ಅಲ್ಲಿ ಮಾತಾಡುವುದು ಮೋಟರ್ ಒಂದೇ. ಕೊನೆಗೆ ಲಿಫ್ಟಿನ ಬಿಡಿಭಾಗಗಳ ಹೆಸರು ಹೇಳುತ್ತ ನಡೆದೆ. ಬೇಕರಿಯವರು ಅವರ ಬಿಸ್ಕತ್ತುಗಳ ಹೆಸರು ಹೇಳುತ್ತ ಪೈಪೋಟಿಗೆ ಬಂದರು. ನನ್ನ ಬಿಡಿಭಾಗ ಮುಗಿದವು, ಅವರ ಬಿಸ್ಕತ್ತು ಮುಗಿಯಲಿಲ್ಲ. "ಇದು ಮಾತಲ್ಲ, ಹರಾಜು" ಅಂದು ಮೇಡಮ್ ತಲೆ ಚಚ್ಚಿಕೊಂಡರು. ಗುರುವಾರ ಮನೆಯವರನ್ನು ಕರೆದುಕೊಂಡು ಬನ್ನಿ ಎಂದಿದ್ದಾರೆ.

ಏಪ್ರಿಲ್ ೧೦, ಗುರುವಾರ

ಇವಳು ಬಂದಳು. ಟಿ.ವಿ.ಯಲ್ಲಿ ನನ್ನ ಗೆರೆ ನೋಡುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಮನೆಯ ಮೆಟ್ಟಿಲನ್ನು ಇವರ ಜೊತೆ ನೀವೇ ಹತ್ತಿ, ಮಾತಾಡಿಸುತ್ತ ಹತ್ತಿ, ಉತ್ತರ ತುಂಡಾದ ಕೂಡಲೇ ನಿಲ್ಲಿಸಿ ಎಂದು ಮೇಡಮ್ ಅವಳಿಗೆ ಕೆಲಸ ಹಚ್ಚಿದರು.

"ಇವರು ಉಸಿರು ಸರಿ ಇದ್ದಾಗಲೇ ಒಂದೊಂದು ಪದ ಆಡೋದು ಮೇಡಮ್. ನನಗೆ ಹೇಗೆ ಗೊತ್ತಾಗ್ಬೇಕು?" ಅಂದಳು ಇವಳು. ಹಾಲಿನವರೆಲ್ಲ ನಕ್ಕರು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಸಂಜೆ ಶುರು ಮಾಡಿದೆವು. ಮೊದಲ ಮಹಡಿವರೆಗೆ ಇಬ್ಬರೂ ಮೌನ. ನಾವಿಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದ್ದೇ ಕಡಿಮೆ. ನಾನು ಹೋಗುವಾಗ ಅವಳು ಟೆರೇಸಿನಲ್ಲಿ, ಅವಳು ಮೂಟೆ ಹೊತ್ತು ಬರುವಾಗ ನಾನು ಇನ್ಯಾವುದೋ ಕಟ್ಟಡದ ನೆತ್ತಿಯಲ್ಲಿ. ಪೇಂಟರ್ ಮನೆ ದಾಟಿದ ಮೇಲೆ ಅವಳೇ ಶುರು ಮಾಡಿದಳು. ಹೋಟೆಲಿನ ಮ್ಯಾನೇಜರ್ ಕೆಂಪು ಪರದೆಯನ್ನೂ ಬಿಳಿ ಪರದೆಯನ್ನೂ ಒಂದೇ ಮೂಟೆಯಲ್ಲಿ ಒದ್ದೆ ಕಟ್ಟಿ ಕಳಿಸಿದ್ದನಂತೆ.

"ಆಮೇಲೆ?" ಅಂದೆ.

"ಆಮೇಲೇನು, ಬಿಳೀದೆಲ್ಲ ಗುಲಾಬಿ. ಅವನಿಗೆ ಫೋನ್ ಮಾಡಿ ಏನಂದೆ ಗೊತ್ತಾ?"

ಅಷ್ಟರಲ್ಲಿ ನಾನು ಎರಡನೇ ಮಹಡಿಯ ಸ್ಟೂಲಿಗೆ ಕೂತಿದ್ದೆ. ಏನಂದಳೆಂದು ಕೇಳಲು ಮೂರನೇ ಮಹಡಿಗೆ ಹೋಗಬೇಕಾಯಿತು. ಇವಳು ಬೇಕಂತಲೇ ಕತೆಯನ್ನು ಅಲ್ಲಿ ತುಂಡು ಮಾಡಿದಳು ಎಂದು ನನ್ನ ಅನುಮಾನ. ಹೆಣ್ಣಿನ ಬುದ್ಧಿಗೆ ಮೇಡಮ್‌ನ ಮೀಟರು ಸಿಕ್ಕಿದೆ. ಇನ್ನು ನನ್ನನ್ನು ದೇವರೇ ಕಾಪಾಡಬೇಕು.

ಏಪ್ರಿಲ್ ೧೫, ಮಂಗಳವಾರ

ಮ್ಯಾನೇಜರ್ ಈಗ ಗುಲಾಬಿ ಪರದೆಯೇ ಚೆಂದ ಎಂದು ಎಲ್ಲ ಕೋಣೆಗೂ ಹಾಗೇ ಮಾಡಿಕೊಡಿ ಎನ್ನುತ್ತಿದ್ದಾನಂತೆ. ಇವತ್ತು ಮೊದಲ ಮಹಡಿಯಲ್ಲಿ ನಾನು ಕೂರಲಿಲ್ಲ.

ಏಪ್ರಿಲ್ ೧೯, ಶನಿವಾರ

ಎರಡನೇ ಮಹಡಿಯಲ್ಲೂ ಕೂರಲಿಲ್ಲ, ನಿಂತೆ ಅಷ್ಟೆ. ಅಲ್ಲಿಯ ಅಜ್ಜಿ ಬಾಗಿಲು ತೆರೆದಿಟ್ಟುಕೊಂಡು ಇವಳ ಕತೆ ಕೇಳುತ್ತಾರೆ. ನಿನ್ನೆಯ ಭಾಗ ತಪ್ಪಿತು ಎಂದು ಇವತ್ತು ಮತ್ತೆ ಹೇಳಿಸಿದರು.

ಒಂದು ಗಮನಿಸಿದೆ. ಎರಡನೇ ಮಹಡಿ ದಾಟಿ ತಿರುವು ಬರುತ್ತದಲ್ಲ, ಅಲ್ಲಿ ಇವಳು ಸುಮ್ಮನಾಗುತ್ತಾಳೆ. ಕತೆ ಯಾವ ಜಾಗದಲ್ಲಿದ್ದರೂ ಸರಿ, ಕಂಬಿ ಹಿಡಿದು ಬಾಯಿ ಮುಚ್ಚುತ್ತಾಳೆ. ಆ ತಿರುವು ದಾಟಿದ ಮೇಲೆ ಮತ್ತೆ ಶುರು. ಪಾಪ, ಅವಳಿಗೂ ಉಸಿರು ಸಾಲುತ್ತಿಲ್ಲವೇನೋ. ವಯಸ್ಸಾಯಿತು ಎಂದದ್ದು ನಿಜವೇ ಇರಬೇಕು.

ಏಪ್ರಿಲ್ ೨೫, ಶುಕ್ರವಾರ

ಹುಚ್ಚು ಕೆಲಸ ಮಾಡಿದೆ. ಇವಳು ಪರದೆ ಕೊಡಲು ಹೋಗಿದ್ದಳು. ಒಬ್ಬನೇ ಒಂದು ಕೈ ನೋಡೇಬಿಡೋಣ ಎಂದು ಕೆಳಗಿಳಿದು, ಬಾಯಿ ಮುಚ್ಚಿಕೊಂಡು ದಡದಡ ಹತ್ತಿದೆ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಎದೆ ಬಿಗಿಯಿತು. ಅದೇ ಬಿಗಿತ, ನನಗೆ ಗುರುತಿದೆ. ಸ್ಟೂಲಿನ ಮೇಲೆ ಕುಸಿದೆ. ಜೇಬಿನ ಮಾತ್ರೆ ನಾಲಿಗೆಯ ಕೆಳಗಿಟ್ಟುಕೊಂಡೆ. ಸದ್ದು ಕೇಳಿ ಎರಡನೇ ಮಹಡಿಯ ಅಜ್ಜಿ ಗೋಡೆ ಹಿಡಿದುಕೊಂಡು ಹತ್ತಿ ಬಂದರು, ನೀರು ತಂದರು, ಬಿಗಿತ ಇಳಿಯುವ ತನಕ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಿದ್ದರು. ಅವರ ವಯಸ್ಸಿಗೆ ಅದು ಎಂಥ ಹತ್ತುವಿಕೆ! ಯಾರಿಗೂ ಹೇಳಬೇಡಿ ಅಜ್ಜಿ ಎಂದೆ. ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ತುಂಬಾ ಹೆದರಿದ್ದೇನೆ. ಬರೆದರೆ ಕಡಿಮೆಯಾಗುತ್ತದೆ ಎಂದು ಬರೆಯುತ್ತಿದ್ದೇನೆ. ಆಗುತ್ತಿಲ್ಲ.

ಏಪ್ರಿಲ್ ೨೯, ಮಂಗಳವಾರ

ಮೇಡಮ್‌ಗೆ ಹೇಳಿದೆ. ಅವರು ಡಾಕ್ಟರನ್ನು ಕರೆಸಿದರು, ಎಲ್ಲ ಪರೀಕ್ಷೆ ಆಯಿತು. ಸ್ಟೆಂಟ್ ಸರಿ ಇದೆ. ಮೈ ಬಿಸಿ ಮಾಡಿಕೊಳ್ಳದೆ, ಅಳತೆ ಮೀರಿ ಏರಿದ್ದಕ್ಕೆ ಹೃದಯ ಹೇಳಿದ ಬುದ್ಧಿಮಾತು ಎಂದರು ಡಾಕ್ಟರು. ಮೇಡಮ್ ಈ ಸಲ ಬೈಯಲೇ ಇಲ್ಲ. "ನಾಳೆಯಿಂದ ಮತ್ತೆ ಮೊದಲ ಮಹಡಿಯಿಂದ ಶುರು. ಆಗತ್ತಾ?" ಅಂದರು. ಆಗತ್ತೆ ಅಂದೆ. ಬೈದಿದ್ದರೇ ಚೆನ್ನಾಗಿತ್ತು.

ಸೋತ ಮುದುಕರನ್ನು ದಿನವಿಡೀ ಒಬ್ಬೊಬ್ಬರನ್ನಾಗಿ ಎಬ್ಬಿಸಿ ನಡೆಸುವುದು, ಒಂದು ದಿನವೂ ಮುಖ ಸಿಂಡರಿಸದೆ. ಆ ತಾಳ್ಮೆ ಎಲ್ಲಿ ಸಿಗುತ್ತದೋ, ನನಗೂ ಸ್ವಲ್ಪ ಬೇಕಿತ್ತು.

ಇವಳು ಏನೂ ಕೇಳಲಿಲ್ಲ. ನಾಲ್ಕು ದಿನದಿಂದ ಮಾತು ಕಡಿಮೆ.

ಮೇ ೮, ಗುರುವಾರ

ಇವತ್ತಿನದನ್ನು ಮರೆಯಬಾರದು.

ಬೇರಿಂಗ್ ಹೇಗಿದೆ ಎಂದು ತಿಳಿಯಲು ನಾವು ಉದ್ದನೆಯ ಸ್ಕ್ರೂಡ್ರೈವರನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತೇವೆ. ಅದನ್ನು ಮೇಡಮ್‌ಗೆ ಹೇಳುತ್ತ ನಡೆಯುತ್ತಿದ್ದೆ. ಈಗ ಬಿಡಿಭಾಗದ ಹರಾಜು ನಿಂತಿದೆ, ಮಾತು ಬರುತ್ತದೆ. ಪಟ್ಟಿಯಿಂದ ಇಳಿದು ಸುಧಾರಿಸಿಕೊಂಡ ಮೇಲೆ ಮೇಡಮ್ ತಮ್ಮ ಸ್ಟೆತೊಸ್ಕೋಪನ್ನು ನನ್ನ ಕಿವಿಗೆ ಸಿಕ್ಕಿಸಿ, "ಕೇಳಿ, ನಿಮ್ಮ ಬೇರಿಂಗ್" ಅಂದರು.

ಕೇಳಿದೆ. ಎರಡು ಕವಾಟ ಮುಚ್ಚುವ ಸದ್ದು, ಮಧ್ಯೆ ಸಣ್ಣ ಬಿಡುವು, ಮತ್ತೆ ಎರಡು. ಒಳಗೊಂದು ಭಾಗ ಸತ್ತಿದ್ದರೂ ಲಯ ತಪ್ಪಿಲ್ಲ. ಅಮ್ಮನ ಹೊಟ್ಟೆಯಲ್ಲಿ ಶುರುವಾದದ್ದು, ಸರ್ವಿಸ್‌ಗೆಂದು ಒಂದು ದಿನ ನಿಲ್ಲಿಸಿದವರಿಲ್ಲ. ನಾನು ಬೀಡಿ ಸೇದಿದಾಗ, ಕೋಪ ಮಾಡಿಕೊಂಡಾಗ, ಕೂತಲ್ಲೇ ಕೂತಾಗ, ದೂರು ಹೇಳದೆ ದುಡಿಯಿತು. ಬಂದಾಗಿನದಕ್ಕಿಂತ ಈಗ ಸುಮ್ಮನೆ ಕೂತಾಗ ನಿಧಾನವಾಗಿ ಬಡಿಯುತ್ತಿದೆ, ಮಾತ್ರೆಯದು ಸ್ವಲ್ಪ, ನಿಮ್ಮ ನಡಿಗೆಯದು ಸ್ವಲ್ಪ ಎಂದರು ಮೇಡಮ್. ನನಗೆ ಕಣ್ಣು ತುಂಬಿ ಬಂತು. ಬೇಕರಿಯವರು ನೋಡಲಿಲ್ಲ ಎಂದುಕೊಂಡಿದ್ದೇನೆ.

ಇವಳು ಪಕ್ಕದಲ್ಲೇ ಇದ್ದಳು. ಇವಳದನ್ನೂ ಕೇಳಬಹುದೇ ಎಂದೆ. ಇವಳು "ನಂದೇನು ಕೇಳೋದು, ನಂಗೇನಾಗಿದೆ" ಎಂದು ಹಿಂದೆ ಸರಿದಳು. ಮೇಡಮ್ ಬಿಡಲಿಲ್ಲ.

ಅಬ್ಬಾ! ನನ್ನದು ಸಣ್ಣ ಕಟ್ಟಡದ ಮೋಟರು. ಇವಳದು ನಿಧಾನ, ಗಂಭೀರ, ಒಂದೊಂದು ಬಡಿತವೂ ತುಂಬಿದ ಕೊಡ ಇಳಿಸಿದ ಹಾಗೆ. ಮೇಡಮ್ ಕೇಳಿ ಹುಬ್ಬೇರಿಸಿದರು. "ಏನು ಮಾಡ್ತೀರಮ್ಮ ನೀವು? ಓಡ್ತೀರಾ? ಇದು ಓಟಗಾರರ ಹೃದಯ."

"ನಾನ್ಯಾಕೆ ಓಡಲಿ? ಪರದೆ ಒಗೀತೀನಿ" ಅಂದಳು ಇವಳು.

ಮದುವೆಯಾದಾಗಿನಿಂದ ಪರದೆಯ ಮೂಟೆ ಹೊತ್ತು ಇವಳು ಹತ್ತಿದ ಮೆಟ್ಟಿಲನ್ನು ಒಂದರ ಮೇಲೊಂದು ಇಟ್ಟಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೋ! ಊರಿನವರು ಹತ್ತದೇ ಇರಲಿ ಎಂದು ನಾನು ದುಡಿದೆ. ನನ್ನ ಮನೆಯಲ್ಲಿ ಒಬ್ಬಳು ಹತ್ತುತ್ತಲೇ ಇದ್ದಳು. ಇಂಥ ಹೃದಯದ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದ್ದೆ, ಕಿವಿಯಿಟ್ಟು ಕೇಳಿರಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು, ಹೆಮ್ಮೆಯೇ ಒಂದು ಹಿಡಿ ಜಾಸ್ತಿ.

ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಉಳಿದಿದೆ. ಇಂಥ ಉಸಿರಿನವಳು ಆ ತಿರುವಿನಲ್ಲಿ ಯಾಕೆ ಸುಮ್ಮನಾಗುತ್ತಾಳೆ?

ಮೇ ೧೮, ಭಾನುವಾರ

ಮೂರನೇ ಮಹಡಿಯಲ್ಲಿ ಒಂದು ಸಲ ನಿಂತೆ, ಕೂರಲಿಲ್ಲ. ಇಷ್ಟೇ ಬಾಕಿ. ಇವಳು ಭೇಷ್ ಅನ್ನಲಿಲ್ಲ. ಟೆರೇಸಿನಲ್ಲಿ ದೊಡ್ಡ ನೀಲಿ ಪರದೆಗಳು ಗಾಳಿಗೆ ಉಬ್ಬಿ ನಿಂತಿದ್ದವು. ಅವುಗಳ ಮಧ್ಯೆ ಇವಳು ಓಡಾಡುವುದನ್ನು ಕೂತು ನೋಡಿದೆ. ಒದ್ದೆ ಪರದೆ ಎಂದರೆ ಒಂದು ಆಳಿನ ಭಾರ. ಅದನ್ನು ತಂತಿಯ ಮೇಲೆ ಎಸೆಯುವ ಕ್ಷಣದಲ್ಲಿ ಇವಳು ಹುಡುಗಿಯ ಹಾಗೆ ಕಾಣುತ್ತಾಳೆ.

ಮೇ ೨೯, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಆಸ್ಪತ್ರೆಯಿಂದ ಬರುತ್ತ ದಾರಿಯಲ್ಲಿ ತರಕಾರಿ ಕೊಂಡೆವು. ಕೆಳಗೆ ಟೈಲರ್ ಅಂಗಡಿಯ ಮುಂದೆ ಚೀಲ ಇಳಿಸಿ ನಿಂತಾಗ ಅವನು ತಲೆಯೆತ್ತಿ, "ಅಕ್ಕ ಮನೆ ಖಾಲಿ ಮಾಡಿದ್ಲು ಅಣ್ಣ. ಭಾನುವಾರ ಸಾಮಾನು ಸಾಗ್ಸೋಕೆ ನಾವೆಲ್ಲ ಬರ್ತೀವಿ" ಅಂದ. ನಾನು ಇವಳ ಮುಖ ನೋಡಿದೆ. ಇವಳು ಮೆಟ್ಟಿಲ ಕಡೆ ನಡೆದೇಬಿಟ್ಟಳು. ನಾನು ಹಿಂದೆಯೇ ಹೋದೆ.

"ಯಾರನ್ನ ಕೇಳಿ ಮಾತು ಕೊಟ್ಟೆ? ಮೇ ಕೊನೇವರೆಗೆ ಅಂತ ನಾನು ಹೇಳಿರ್ಲಿಲ್ವಾ?"

"ನೀವು ಯಾರನ್ನ ಕೇಳಿ ಒಬ್ಬರೇ ದಡದಡ ಹತ್ತಿದ್ರಿ? ಅಜ್ಜಿ ಹೇಳಲ್ಲ ಅಂದ್ಕೊಂಡ್ರಾ? ಅವತ್ತು ಸಂಜೇನೇ ಹೋಗಿ ಮಾತು ಕೊಟ್ಟೆ."

"ಒಂದು ದಿನ ತಪ್ಪಾಯ್ತು. ಅದಕ್ಕೆ ನೀನು ನಿನ್ನ ಕೆಲಸಾನೇ ಬಿಟ್ಬಿಡ್ತೀಯಾ? ಆ ಕತ್ತಲೆ ಗೂಡಲ್ಲಿ ಕೂತು ಏನ್ ಮಾಡ್ತೀಯ ದಿನವಿಡೀ?"

"ನಿಮ್ಮ ಮುಖ ನೋಡ್ತೀನಿ! ನೋಡಕ್ಕೆ ಮುಖ ಇರ್ಬೇಕಲ್ಲ ಮೊದಲು!"

ಪೇಂಟರ್ ಬಾಗಿಲು ತೆರೆದು, ನಮ್ಮನ್ನು ನೋಡಿ ಮೆಲ್ಲಗೆ ಮುಚ್ಚಿದ.

"ನಾನು ಕೆಲಸಕ್ಕೆ ಬಾರದೋನು ಅಂತ ನೀನು ಅವತ್ತೇ ತೀರ್ಮಾನ ಮಾಡಿದೆ. ನಾಲ್ಕು ಜನ ಹೊತ್ತು ತಂದ ದಿನಾನೇ. ಅದಕ್ಕೇ ನಗ್ಲಿಲ್ಲ ನೀನು."

ಅಜ್ಜಿಯ ಬಾಗಿಲು ದಾಟಿದೆವು. ಆ ತಿರುವು ಬಂತು. ಕಂಬಿ ಹಿಡಿದೇ ಹತ್ತಿದಳು. ಈ ಸಲ ಬಾಯಿ ಮುಚ್ಚಲಿಲ್ಲ.

"ಇಲ್ಲೇ ಕಣ್ರೀ. ಇದೇ ತಿರುವಲ್ಲಿ ಕುರ್ಚಿ ವಾಲ್ತು. ನಿಮಗೆ ಎಚ್ಚರ ಇರ್ಲಿಲ್ಲ. ನಿಮ್ಮ ಕೈ ಹೀಗೆ ಜೋತು ಬಿದ್ದು ಗೋಡೆಗೆ ಬಡೀತಾ ಇತ್ತು, ಎತ್ತಿ ಮಡಿಲಲ್ಲಿ ಇಟ್ರೆ ಮತ್ತೆ ಬೀಳೋದು. ನಾನು ಹಿಂದೇನೇ ಬರ್ತಿದ್ದೆ. ಹೋದ್ರು ಅಂದ್ಕೊಂಡೆ. ದಿನಾ ಈ ಜಾಗ ಬಂದಾಗ ನಂಗೆ ಆ ಕೈ ಕಾಣ್ಸತ್ತೆ. ಪರದೆ ಹೋದ್ರೆ ಹೋಗ್ಲಿ, ಬಿಸಿಲು ಹೋದ್ರೆ ಹೋಗ್ಲಿ. ಇನ್ನೊಂದು ಸಲ ನಿಮ್ಮನ್ನ ಈ ಮೆಟ್ಟಿಲಲ್ಲಿ ಹಾಗೆ ಇಳಿಸೋದನ್ನ ನೋಡೋ ಶಕ್ತಿ ನಂಗಿಲ್ಲ. ಓಟಗಾರರ ಹೃದಯ ಅಂತೆ! ಇಲ್ಲಿ ಅದು ದಿನಾ ನಿಂತೇ ಹೋಗ್ತಿತ್ತು, ಆ ಮೇಡಮ್‌ಗೇನು ಗೊತ್ತು."

ನೀನು ಹೇಳಿದ್ದರೆ ತಾನೇ ಗೊತ್ತಾಗುವುದು ಎಂದೆ. ನೀವು ಕೇಳಿದ್ದರೆ ತಾನೇ ಹೇಳುವುದು ಎಂದಳು. ನೆಲಮಹಡಿಯಲ್ಲಿ ಹೃದಯ ನಿಲ್ಲುವುದೇ ಇಲ್ಲವಾ ಎಂದೆ. ಅಪಶಕುನ ಆಡಬೇಡಿ ಎಂದಳು. ನನ್ನ ಕಾಲಿಗೆ ಈ ಮೆಟ್ಟಿಲೇ ಔಷಧಿ, ಇದನ್ನು ಬಿಡಿಸಿದರೆ ನನ್ನನ್ನು ಮತ್ತೆ ಮಂಚಕ್ಕೆ ಹಾಕಿದ ಹಾಗೆ, ನೀನು ಮೇಲೆ ಬಿಸಿಲಲ್ಲಿ ಪರದೆ ಎಸೆಯುವುದನ್ನು ನೋಡದೆ ನಾನು ಎಷ್ಟು ದಿನ ಬದುಕಿದರೂ ಅದಕ್ಕೆ ಅರ್ಥ ಇಲ್ಲ ಎಂದುಬಿಟ್ಟೆ. ಇಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ. ಕೋಪದಲ್ಲಿ ಬಂತು.

ಇವಳು ಉತ್ತರ ಕೊಡಲು ತಿರುಗಿದವಳು ಹಾಗೇ ನಿಂತಳು. ಅವಳ ಬೆನ್ನಿಗೆ ನಮ್ಮ ಮನೆಯ ಬಾಗಿಲಿತ್ತು.

"ರೀ" ಅಂದಳು. "ನೀವು ಎಲ್ಲೂ ನಿಲ್ಲಲಿಲ್ಲ."

ನಾನೂ ಹಿಂದಿರುಗಿ ನೋಡಿದೆ. ಮೂರನೇ ಮಹಡಿಯ ಸ್ಟೂಲು ಕೆಳಗೆ ಖಾಲಿ ಕೂತಿತ್ತು. ಅದನ್ನು ದಾಟಿದ್ದೇ ಗೊತ್ತಾಗಿರಲಿಲ್ಲ. ನೆಲದಿಂದ ಇಲ್ಲಿಯವರೆಗೆ ಜಗಳ ಆಡಿದ್ದೆ, ಪೂರ್ತಿ ಪೂರ್ತಿ ವಾಕ್ಯಗಳಲ್ಲಿ.

ಇವಳು ನನ್ನ ಕೈ ಹಿಡಿದು ಮಣಿಕಟ್ಟಿನ ಮೇಲೆ ಬೆರಳಿಟ್ಟಳು, ಮೇಡಮ್ ಮಾಡುವ ಹಾಗೆ. ಇವಳಿಗೆ ನಾಡಿ ನೋಡಲು ಬರುವುದಿಲ್ಲ, ಬೆರಳು ತಪ್ಪು ಜಾಗದಲ್ಲಿತ್ತು. ನಾನು ಸರಿಪಡಿಸಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಗೋಡೆಗೆ ಬಡಿಯುತ್ತಿತ್ತಂತಲ್ಲ, ಅದೇ ಕೈ.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಮಾತು ಕೊಟ್ಟೋಳು ನಾನು. ವಾಪಸ್ ತಗೊಳ್ಳೋಳೂ ನಾನೇ. ಟೈಲರ್ ಹತ್ರ ನೀವೇನೂ ಹೇಳ್ಬೇಡಿ" ಅಂದಳು. ಬೀಗ ತೆಗೆದಳು. ಒಳಗೆ ಒಂದು ಕಾಲಿಟ್ಟವಳು ತಲೆಯ ಮೇಲೆ ಕೈ ಹೊತ್ತಳು.

"ಅಯ್ಯೋ, ತರಕಾರಿ ಚೀಲ ಕೆಳಗೇ ಉಳೀತು!"

"ನಾನು ತರ್ತೀನಿ" ಅಂದೆ.

ಒಂದೂವರೆ ತಿಂಗಳಿಗೂ ಮೇಲಾಯಿತು, ಇವಳ ಕಣ್ಣೆದುರು ಈ ಮೆಟ್ಟಿಲಿಗೆ ನಾನು ಒಬ್ಬನೇ ಕಾಲಿಟ್ಟಿಲ್ಲ. ಇವಳು ನನ್ನನ್ನು ನೋಡಿದಳು, ಮೆಟ್ಟಿಲನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಹೋಗಿ ಬನ್ನಿ" ಅಂದಳು.

ಹೋಗಿ ಬಂದೆ. ಹತ್ತುವಾಗ ಇವಳು ಮೇಲಿನ ಕಂಬಿಗೆ ಒರಗಿ ನಿಂತು, ಈರುಳ್ಳಿ ಇದೆಯಾ, ಟೊಮೆಟೊ ಜಜ್ಜಿಹೋಗಿಲ್ಲ ತಾನೇ, ಚೀಲ ಭಾರ ಇದೆಯಾ ಎಂದು ಕೇಳುತ್ತಲೇ ಇದ್ದಳು. ತಿರುವಿನಲ್ಲಿ ಸ್ವಲ್ಪ ಜೋರಾಗಿಯೇ ಕೇಳಿದಳು. ನಾನು ಉತ್ತರ ಹೇಳುತ್ತ ಬಂದೆ.